ಮೊದಲ ಸಲ ಗೇಮ್ ಮಾಸ್ಟರ್ ಆಗುತ್ತಿದ್ದೇನೆ: ಎರೆಹೊಲದಲ್ಲಿ ಮೂರು ಸೆಷನ್‌ನ ಬೇಟೆ

ಎರೆಹೊಲ:
ಎಲ್ಲರಿಗೂ ನಮಸ್ಕಾರ. ಕೆಲಸ ಧಾರವಾಡದಲ್ಲಿ, ಊರು ನವಲಗುಂದ ತಾಲೂಕಿನ ಒಂದು ಹಳ್ಳಿ. ಎರಡು ವರ್ಷದಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದೇನೆ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಅದು. ಆಡಿದ್ದೇನೆ ಅಷ್ಟೆ, ಆಡಿಸಿಲ್ಲ. ಈಗ ಮೊದಲ ಸಲ ಗೇಮ್ ಮಾಸ್ಟರ್ ಆಗಿ, ಅಂದರೆ ಕಥೆ ನಡೆಸುವವನಾಗಿ, ಆಡಿಸಬೇಕು ಅಂತ ಮನಸ್ಸು ಮಾಡಿದ್ದೇನೆ.

ಆಟಗಾರರು ನಾಲ್ವರು. ನನ್ನ ತಂಗಿ, ಹುಬ್ಬಳ್ಳಿಯ ಇಬ್ಬರು ಆಫೀಸ್ ಗೆಳೆಯರು, ಗದಗಿನಿಂದ ಬರುವ ಸೋದರಮಾವನ ಮಗ. ಇವರಲ್ಲಿ ಮೂವರು ಇಂಥ ಆಟ ನೋಡಿಯೂ ಇಲ್ಲ. ಮೂರು ಭಾನುವಾರ, ದಿನಕ್ಕೆ ಮೂರು ತಾಸು. ಅದಕ್ಕಿಂತ ಜಾಸ್ತಿ ಯಾರಿಗೂ ಬಿಡುವಿಲ್ಲ.

ಕಥೆ ನಮ್ಮ ಕಡೆಯದ್ದೇ ಇರಲಿ ಅಂತ ಆಸೆ. ಬೇಸಿಗೆ ಕೊನೆ, ಎರೆಹೊಲ ಬಿರಿದು ಬಾಯಿ ತೆರೆದಿದೆ. ಒಂದು ಊರಿನಲ್ಲಿ ರಾತ್ರಿ ಕಳೆದು ಬೆಳಗಾಗುವುದರಲ್ಲಿ ಬಾವಿಗಳು ಬತ್ತುತ್ತವೆ. ಕೊಟ್ಟಿಗೆಯಲ್ಲಿ ದನ ಒಣಗಿದ ಸೊಪ್ಪೆಯ ಹಾಗೆ ಬಿದ್ದಿರುತ್ತದೆ. ಬಿರುಕಿನೊಳಗೆ ಏನೋ ಓಡಾಡುತ್ತಿದೆ. ಬೇಟೆಗಾರರು, ಅಂದರೆ ಆಟಗಾರರ ಪಾತ್ರಗಳು, ಅದನ್ನು ಹುಡುಕಿ ಮುಗಿಸಬೇಕು.

ಈಗಾಗಲೇ 22 ಪುಟ ಬರೆದಿದ್ದೇನೆ. ಮೊದಲು ಗೌಡರ ಮನೆ, ಆಮೇಲೆ ಬಾವಿ, ಆಮೇಲೆ ಹಾಳು ಗುಡಿ, ಕೊನೆಗೆ ಕಾಲುವೆ ಹತ್ತಿರ ಕಾಳಗ. ಆದರೆ ಬರೆದಷ್ಟೂ ಹೆದರಿಕೆ ಜಾಸ್ತಿ ಆಗುತ್ತಿದೆ. ಯಾವ ನಿಯಮ ಇಟ್ಟುಕೊಳ್ಳಲಿ? ಎಷ್ಟು ತಯಾರಿ ಸಾಕು? ಆಟಗಾರರು ಸುಮ್ಮನೆ ಕುಳಿತುಬಿಟ್ಟರೆ ಏನು ಮಾಡಲಿ?

ಉಣಕಲ್_ದಂಡೆ:
ಎರೆಹೊಲ ಅವರೇ, 22 ಪುಟ ಬರೆದಿದ್ದೀರಿ ಅಂದರೆ ಆ ಊರು ನಿಮ್ಮ ತಲೆಯಲ್ಲಿ ಚೆನ್ನಾಗಿ ಕುಳಿತಿದೆ. ಅದು ಒಳ್ಳೆಯದೇ. ಆದರೆ ಆಟದ ದಿನ ಆ ಪುಟಗಳನ್ನು ಕೈಯಲ್ಲಿ ಹಿಡಿಯಬೇಡಿ.

ಮೊದಲ ಸಲ ಆಡಿಸಿದಾಗ ನಾನೂ ಹೀಗೇ ಬರೆದುಕೊಂಡು ಹೋಗಿದ್ದೆ. ಆಟಗಾರರು ಗೌಡರ ಮನೆ ಕಡೆ ತಿರುಗಿಯೂ ನೋಡಲಿಲ್ಲ. ಬಸ್ ಸ್ಟ್ಯಾಂಡಿನ ಚಹಾದಂಗಡಿಯವನ ಮೇಲೆ ಸಂಶಯ ಬಂದು ಎರಡು ತಾಸು ಅವನ ಬೆನ್ನು ಹತ್ತಿದರು. ನಾನು ಅವರನ್ನು ನನ್ನ ದಾರಿಗೆ ಎಳೆಯುತ್ತಲೇ ಇದ್ದೆ. ಅವರಿಗೂ ಬೇಸರ, ನನಗೂ ಬೇಸರ.

ಬಕಾಸುರನ ಕಥೆ ನೆನಪು ಮಾಡಿಕೊಳ್ಳಿ. ಏಕಚಕ್ರಪುರದವರು ರಾಕ್ಷಸನ ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆ. ಪಾಳಿ ಪ್ರಕಾರ ಒಂದೊಂದು ಮನೆಯಿಂದ ಒಂದು ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ. ಅವನಿಗೆ ಏನು ಬೇಕು, ಯಾವಾಗ ಬೇಕು, ನಾಳೆ ಯಾರ ಮನೆಯ ಪಾಳಿ, ಎಲ್ಲ ಗೊತ್ತಿದೆ. ಭೀಮ ಬರದಿದ್ದರೂ ನಾಳೆ ಬಂಡಿ ಹೊರಡುತ್ತಿತ್ತು. ನಿಮಗೆ ಬೇಕಾದದ್ದು ಅಷ್ಟೇ. ಬೇಟೆಗಾರರು ಊರಿಗೆ ಬರದೇ ಹೋದರೆ ಏನಾಗುತ್ತದೆ, ಅದನ್ನು ಆರು ಸಾಲಿನಲ್ಲಿ ಬರೆಯಿರಿ. ಬೇಟೆಗಾರರು ಏನು ಮಾಡುತ್ತಾರೆ ಅಂತ ಒಂದು ಸಾಲೂ ಬರೆಯಬೇಡಿ. ಅದು ಅವರ ಪಾಲು.

ಅದಕ್ಕೂ ಮೊದಲು ಒಂದು ಪ್ರಶ್ನೆ. ಆ ಬಿರುಕಿನೊಳಗಿನದ್ದಕ್ಕೆ ಏನು ಬೇಕು? "ಜನರನ್ನು ಕೊಲ್ಲಬೇಕು" ಅನ್ನೋದು ಆಸೆ ಅಲ್ಲ.

ಬೆಟಗೇರಿ_ಮಗ್ಗ:
ನಿಯಮದ ಬಗ್ಗೆ ನನ್ನ ಮಾತು. ಮೂವರು ಹೊಸಬರು, ಒಟ್ಟು ಒಂಬತ್ತು ತಾಸು. ಎರಡು ದಾಳದ ಆಟ ಇಟ್ಟುಕೊಳ್ಳಿ. ಮೈಕಲ್ ಸ್ಯಾಂಡ್ಸ್ ಅವರ "ಮಾನ್‌ಸ್ಟರ್ ಆಫ್ ದಿ ವೀಕ್" ಬೇಟೆ ಕಥೆಗೆ ಅಂತಲೇ ಮಾಡಿದ ಆಟ. ಲೂಡೋ ಡಬ್ಬಿಯ ಎರಡು ದಾಳ ಸಾಕು. ಎರಡನ್ನೂ ಉರುಳಿಸಿ ಕೂಡಿಸಿ, ಆ ಕೆಲಸಕ್ಕೆ ಪಾತ್ರಕ್ಕಿರುವ ಅಂಕ ಸೇರಿಸಿ. 10 ಅಥವಾ ಜಾಸ್ತಿ ಬಂದರೆ ಕೆಲಸ ಆಯಿತು. 7ರಿಂದ 9 ಬಂದರೆ ಕೆಲಸ ಆಯಿತು, ಆದರೆ ಏನೋ ಒಂದು ಕಳೆದುಕೊಳ್ಳಬೇಕು. 6 ಅಥವಾ ಕಡಿಮೆ ಬಂದರೆ ಆಟ ನಿಮ್ಮ ಕೈಗೆ ಬರುತ್ತದೆ, ಆಗ ಮೃಗ ಏನಾದರೂ ಮಾಡುತ್ತದೆ.

ಲೆಕ್ಕ ನೋಡಿ. ಅಂಕ ಏನೂ ಇಲ್ಲದೆ ಉರುಳಿಸಿದರೆ ಪೂರ್ತಿ ಗೆಲುವು 36ರಲ್ಲಿ 6 ಸಲ. ನಡುವಿನದ್ದು 15 ಸಲ, ಸೋಲು 15 ಸಲ. ಒಂದು ಅಂಕ ಸೇರಿಸಿದರೆ ಗೆಲುವು 10, ನಡುವಿನದ್ದು 16, ಸೋಲು 10. ಅಂದರೆ ಒಂದು ಅಂಕ ಇದ್ದರೆ ಉಳಿದೆರಡಕ್ಕಿಂತ "ಆಯಿತು, ಆದರೆ" ಅನ್ನೋದೇ ಜಾಸ್ತಿ ಸಲ ಬರುತ್ತದೆ. ಕಥೆ ಬೆಳೆಯೋದು ಆ "ಆದರೆ"ಯಿಂದ. ಹೊಸ ಗೇಮ್ ಮಾಸ್ಟರ್‌ಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ. ನೀವು ದಾಳ ಉರುಳಿಸುವುದೇ ಬೇಕಿಲ್ಲ. ಕೇಳುವುದು, ಹೇಳುವುದು, ಎರಡೇ ಕೆಲಸ.

ದಾಳ_ಡಬ್ಬಿ:
ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಎರೆಹೊಲ ಅವರಿಗೆ ಎರಡು ವರ್ಷದಿಂದ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಕೈಗೆ ಹತ್ತಿದೆ. ಗೊತ್ತಿರುವ ನಿಯಮದಲ್ಲೇ ಮೊದಲ ಸಲ ಆಡಿಸುವುದು ಸುಲಭ ಅಲ್ವಾ? ಖರ್ಚೂ ಇಲ್ಲ. 2023ರಲ್ಲಿ ಐದನೇ ಆವೃತ್ತಿಯ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಿಟ್ಟಿದ್ದಾರೆ. 1974ರಿಂದ ಜನ ಆಡಿಕೊಂಡು ಬಂದ ಆಟ. ಕಾಳಗದ ರುಚಿಯೇ ಬೇರೆ.

ಒಂದು ಎಚ್ಚರ ಮಾತ್ರ. ನಾಲ್ಕು ಜನ, ಒಂದೇ ಮೃಗ ಅಂದರೆ ಮೃಗ ಬೇಗ ಸಾಯುತ್ತದೆ. ಒಂದು ಸುತ್ತಿನಲ್ಲಿ ಅವರಿಗೆ ನಾಲ್ಕು ಸರದಿ, ಅದಕ್ಕೆ ಒಂದೇ. ಎಷ್ಟು ಬಲ ಕೊಟ್ಟರೂ ಈ ಲೆಕ್ಕ ಬದಲಾಗುವುದಿಲ್ಲ. ಆದ್ದರಿಂದ ಪ್ರತಿ ಆಟಗಾರನ ಸರದಿ ಮುಗಿದ ಮೇಲೂ ಮೃಗ ಏನಾದರೂ ಸಣ್ಣದು ಮಾಡಲಿ. ನೆಲ ಬಿರಿಯಲಿ, ಒಬ್ಬನ ಕಾಲು ಸಿಕ್ಕಿಬೀಳಲಿ.

ಬೆಟಗೇರಿ_ಮಗ್ಗ:
ದಾಳ_ಡಬ್ಬಿ ಅಣ್ಣಾ, ಲೆಕ್ಕ ಸರಿ ಇದೆ. ಆದರೆ ಹೊಸಬರ ಕೈಗೆ ಪಾತ್ರದ ವಿವರ ಬರೆಯುವ ಅಷ್ಟು ದೊಡ್ಡ ಕ್ಯಾರೆಕ್ಟರ್ ಶೀಟ್ ಕೊಟ್ಟರೆ ಮೊದಲ ಭಾನುವಾರ ಅದನ್ನು ತುಂಬುವುದರಲ್ಲೇ ಕಳೆಯುತ್ತದೆ. ಈ ಬೇಟೆಯಲ್ಲಿ ಕಾಳಗ ಕೊನೆಯ ಅರ್ಧ ತಾಸು. ಉಳಿದದ್ದೆಲ್ಲ ಹುಡುಕಾಟ.

ಗೊಟಗೋಡಿ_ಹಾದಿ:
ನಾನು ಶಿಗ್ಗಾವಿ ಕಡೆಯವನು, ದೊಡ್ಡಾಟ ನೋಡುತ್ತಾ ಬೆಳೆದವನು. ಎರಡು ಮಾತು ಹೇಳಬೇಕು.

ದೊಡ್ಡಾಟದಲ್ಲಿ ಸಾರಥಿ ಇರುತ್ತಾನೆ. ಪಾತ್ರ ರಂಗಕ್ಕೆ ಬಂದ ಕೂಡಲೇ ಅವನು ಮಾತಾಡಿಸುತ್ತಾನೆ. ತಾವು ಯಾರು, ಯಾವ ಊರು, ಬಂದ ಕಾರಣ ಏನು? ಪಾತ್ರ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತದೆ. ಸಾರಥಿ ಕೇಳುತ್ತಾ ಹೋಗುತ್ತಾನೆ, ನೋಡುವವರಿಗೆ ಎಲ್ಲ ತಿಳಿಯುತ್ತದೆ. ನಿಮ್ಮ ಕೆಲಸ ಅದೇ. "ನೀವು ಒಬ್ಬ ಬೇಟೆಗಾರ" ಅಂತ ನೀವು ಹೇಳಿ ಮುಗಿಸಬೇಡಿ. "ನೀವು ಈ ಊರಿಗೆ ಹಿಂದೆ ಒಮ್ಮೆ ಬಂದಿದ್ದಿರಿ. ಯಾಕೆ ಬಂದಿದ್ದಿರಿ?" ಅಂತ ಕೇಳಿ. ಹೊಸಬರು ಸುಮ್ಮನೆ ಕೂರುವುದು ಪ್ರಶ್ನೆ ದೊಡ್ಡದಾದಾಗ. "ಈಗ ಏನು ಮಾಡುತ್ತೀರಿ?" ಅಂದರೆ ತಬ್ಬಿಬ್ಬಾಗುತ್ತಾರೆ. "ಬಾವಿಯಿಂದ ಹಗ್ಗ ಮೇಲೆ ಬಂತು, ಕೊಡ ಇಲ್ಲ. ನೀವು ಹಗ್ಗದ ತುದಿ ಮುಟ್ಟಿ ನೋಡುತ್ತೀರಾ?" ಅಂದರೆ ಬಾಯಿ ಬಿಡುತ್ತಾರೆ.

ಎರಡನೆಯದು. ಜನ ಇವತ್ತಿಗೂ ಪೂಜೆ ಮಾಡುವ ದೇವರನ್ನು ಮೃಗ ಮಾಡಬೇಡಿ. ಜೋಕುಮಾರ, ದುರ್ಗವ್ವ, ಊರ ಗ್ರಾಮದೇವತೆ, ಯಾರನ್ನೂ ಮುಟ್ಟಬೇಡಿ. ಯಾರದೋ ಮನೆಯ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂತು ಬರುವ ಜೋಕುಮಾರನನ್ನು ನಾವು ಕತ್ತಿ ಹಿಡಿದು ಅಟ್ಟಿಸುವುದು ನನಗೆ ಸರಿ ಕಾಣುವುದಿಲ್ಲ. ನಂಬಿಕೆ, ಹಬ್ಬ, ಪದ್ಧತಿ ಬೇಟೆಗಾರರ ಕಡೆ ಇರಲಿ. ಮೃಗವನ್ನು ಹೊಸದಾಗಿ ಕಟ್ಟಿ. ಅದಕ್ಕೆ ಬೇಕಾದ ಮಣ್ಣು ನಿಮ್ಮ ಹೊಲದಲ್ಲೇ ಇದೆ.

ಎರೆಹೊಲ:
ಎಲ್ಲರಿಗೂ ಧನ್ಯವಾದ. ರಾತ್ರಿಯೆಲ್ಲ "ಅದಕ್ಕೆ ಏನು ಬೇಕು" ಅನ್ನೋ ಪ್ರಶ್ನೆಯೇ ತಲೆಯಲ್ಲಿ ಕೊರೆಯುತ್ತಿತ್ತು. ಬೆಳಿಗ್ಗೆ ಅವ್ವನಿಗೆ ಫೋನ್ ಮಾಡಿದಾಗ ಉತ್ತರ ಸಿಕ್ಕಿತು. ಅವ್ವ ಕೆರೆ ನೀರಿನ ಮಾತು ಹೇಳುತ್ತಿದ್ದಳು. ನಮ್ಮ ಕಡೆ ಬಾವಿ ನೀರು ಸವಳು, ಬಾಯಿಗೆ ಇಡಲು ಆಗುವುದಿಲ್ಲ. ಕುಡಿಯಲು ಕೆರೆಯ ಸಿಹಿ ನೀರೇ ಬೇಕು.

ಹಾಗಾದರೆ ಅದಕ್ಕೆ ಬೇಕಾದದ್ದು ಸಿಹಿ ನೀರು! ಬರಗಾಲದಲ್ಲಿ ಒಬ್ಬ ದಾರಿಹೋಕ ಊರ ಬಾಗಿಲಲ್ಲಿ ನೀರು ಕೇಳಿದ, ಯಾರೂ ಕೊಡಲಿಲ್ಲ, ಎರೆಹೊಲದಲ್ಲಿ ಬಿದ್ದ. ಅವನ ಬಾಯಾರಿಕೆ ಬಿರುಕಿನಲ್ಲಿ ಉಳಿಯಿತು. ಬಾವಿಯಿಂದ ಬಾವಿಗೆ ಸವಳು ನೀರು ಕುಡಿಯುತ್ತದೆ, ಕುಡಿದಷ್ಟೂ ಬಾಯಾರುತ್ತದೆ, ಕೆರೆಯ ಕಡೆಗೆ ಬರುತ್ತದೆ. ಅದರ ಹೆಸರು "ಬಾಯಾರಿದ್ದು".

ಕಾರಹುಣ್ಣಿಮೆಯಿಂದ ಮಣ್ಣೆತ್ತಿನ ಅಮಾವಾಸ್ಯೆಗೆ ಹದಿನೈದು ದಿನ. ಅದೇ ನನ್ನ ಆರು ಸಾಲು. ಕಾರಹುಣ್ಣಿಮೆ ರಾತ್ರಿ ಹೊಲದ ಬಾವಿ ಬತ್ತುತ್ತದೆ. ಮೂರನೇ ದಿನ ಒಂದು ಜೋಡಿ ಎತ್ತು ಒಣಗಿ ಬಿದ್ದಿರುತ್ತವೆ. ಆರನೇ ದಿನ ಕೆರೆ ಕಾಯುವವನು ಕಾಣೆ, ಅವನ ತಂಬಿಗೆ ಮಾತ್ರ ಸಿಗುತ್ತದೆ. ಒಂಬತ್ತನೇ ದಿನ ಬಿರುಕು ಊರೊಳಗಿನ ಹಳೇ ಹಗೇವಿಗೆ ಕೂಡಿಕೊಳ್ಳುತ್ತದೆ. ಜೋಳ ತುಂಬುತ್ತಿದ್ದ ನೆಲದೊಳಗಿನ ಹಗೇವುಗಳು ಮನೆ ಮನೆಯ ಕೆಳಗೆ ಇವೆ, ಈಗ ಅದಕ್ಕೆ ಎಲ್ಲ ಮನೆಗೂ ದಾರಿ. ಹನ್ನೆರಡನೇ ದಿನ ಕೆರೆ ಬತ್ತುತ್ತದೆ, ಜನ ಗಂಟುಮೂಟೆ ಕಟ್ಟುತ್ತಾರೆ. ಅಮಾವಾಸ್ಯೆ ರಾತ್ರಿ ಅದು ಕಾಲುವೆ ಸೇರುತ್ತದೆ. ಕಾಲುವೆಗುಂಟ ಎಷ್ಟು ಊರು ಇವೆಯೋ ಅಷ್ಟೂ ಅದರ ಪಾಲು.

ದುರ್ಬಲ ಜಾಗ: ಎರೆಮಣ್ಣು ನೀರು ಕುಡಿದರೆ ಉಬ್ಬಿ ಬಿರುಕು ಮುಚ್ಚುತ್ತದೆ. ಕಾಲುವೆಯ ತೂಬು ಎತ್ತಿ ಹೊಲಕ್ಕೆ ನೀರು ಬಿಟ್ಟರೆ ಅದಕ್ಕೆ ಓಡಲು ದಾರಿ ಇಲ್ಲ, ಮೇಲೆ ಬರಲೇಬೇಕು. ನಿಯಮ ಎರಡು ದಾಳದ್ದೇ ಇಟ್ಟುಕೊಂಡೆ. ಮತ್ತೆ ಗೇಮ್ ಮಾಸ್ಟರ್ ಅನ್ನೋದು ಬಿಟ್ಟು ಸಾರಥಿ ಅಂತಲೇ ಕರೆಯುತ್ತೇವೆ.

ಉಣಕಲ್_ದಂಡೆ:
ಹಗೇವು ಓದಿ ಮೈ ಜುಮ್ ಅಂತು. ನಮ್ಮ ಅಜ್ಜಿ ಮನೆ ಪಡಸಾಲೆಯಲ್ಲಿ ಹಗೇವಿನ ಬಾಯಿಗೆ ಕಲ್ಲು ಮುಚ್ಚಿದ್ದರು. ಅದರ ಮೇಲೆ ಮಲಗಲು ನಮಗೆ ಹೆದರಿಕೆ ಆಗುತ್ತಿತ್ತು. ಈಗ ನಿಮ್ಮ ತಯಾರಿ ಬಹುತೇಕ ಮುಗಿದಿದೆ. ಇನ್ನು ಊರಿನ ಐದು ಜನರ ಹೆಸರು, ಪ್ರತಿಯೊಬ್ಬರು ಮುಚ್ಚಿಟ್ಟ ಒಂದು ಮಾತು. ಒಂದೇ ಹಾಳೆ.

ಬೆಟಗೇರಿ_ಮಗ್ಗ:
ಸುಳಿವಿನ ವಿಷಯ ಮರೆಯಬೇಡಿ. ಆಟಗಾರರಿಗೆ ತಿಳಿಯಲೇಬೇಕಾದ ಗುಟ್ಟು ಒಂದಿದ್ದರೆ ಅದಕ್ಕೆ ಮೂರು ಸುಳಿವು ಇಡಿ. ಒಂದು ಕಣ್ಣಿಗೆ ಬೀಳುವುದಿಲ್ಲ, ಒಂದನ್ನು ತಪ್ಪು ತಿಳಿಯುತ್ತಾರೆ, ಮೂರನೆಯದು ಕೈ ಹಿಡಿಯುತ್ತದೆ. ಒಂದು ಸುಳಿವು ಮೂಗಿಗೆ ಸಿಗುವಂಥದ್ದು ಇರಲಿ. ದೃಷ್ಟಿ ತೆಗೆದು ಮೆಣಸಿನಕಾಯಿ ಬೆಂಕಿಗೆ ಹಾಕಿದಾಗ ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಅನ್ನುತ್ತಾರಲ್ಲ, ಅದನ್ನು ತೆಗೆದುಕೊಳ್ಳಿ. ಬಾಯಾರಿದ್ದು ಹತ್ತಿರ ಇದ್ದಾಗ ಒಲೆಗೆ ಹಾಕಿದ ಬ್ಯಾಡಗಿ ಮೆಣಸಿನಕಾಯಿ ಘಾಟು ಬರುವುದಿಲ್ಲ.

ಕಡ್ಡಿ_ಡಬ್ಬಿ:
ಬ್ಯಾಡಗಿ ಪೇಟೆ ಪಕ್ಕದಲ್ಲೇ ಬೆಳೆದವಳು, ಆದ್ದರಿಂದ ಒಂದು ತಿದ್ದುಪಡಿ ಅಕ್ಕಾ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದು ಹೆಸರಾದದ್ದೇ ಕೆಂಪು ಬಣ್ಣಕ್ಕೆ. ಘಾಟು ಬೇಕಾದರೆ ಗುಂಟೂರು ಕಾಯಿ ಹಾಕಿಸಿ. ಇದನ್ನೇ ಸುಳಿವು ಮಾಡಬಹುದು ನೋಡಿ. ಒಂದು ಮನೆಯಲ್ಲಿ ಘಾಟು ಬರಲಿಲ್ಲ ಅಂತ ಎಲ್ಲರೂ ಓಡುತ್ತಾರೆ. ಅಲ್ಲಿನ ಅಜ್ಜಿ "ಅದು ಬ್ಯಾಡಗಿ ಡಬ್ಬಿ ಕಾಯಿ, ಅದಕ್ಕೆಲ್ಲಿಯ ಘಾಟು" ಅನ್ನುತ್ತಾಳೆ. ಮುಂದಿನ ಮನೆಯಲ್ಲಿ ಗುಂಟೂರು ಕಾಯಿ ಸುಟ್ಟರೂ ಮೂಗಿಗೆ ಏನೂ ಹತ್ತುವುದಿಲ್ಲ. ಹೆದರಿಕೆ ಹುಟ್ಟೋದು ಆಗ.

ಎರೆಹೊಲ:
ಇದು ಹಾಗೇ ನನ್ನ ಹಾಳೆಗೆ ಹೋಯಿತು!

ಎರೆಹೊಲ:
ಮೊದಲ ಭಾನುವಾರ ಮುಗಿಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಶುರು ಮಾಡುವ ಮೊದಲು ಅರ್ಧ ತಾಸು ಮಾತಾಡಿದೆವು. ಏನು ಬೇಡ ಅಂತ ಕೇಳಿದೆ. ಹುಬ್ಬಳ್ಳಿಯ ಗೆಳೆಯ ಒಬ್ಬ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಳವೆಬಾವಿಗೆ ಮಗು ಬೀಳೋದು ಬೇಡ" ಅಂದ. ನನ್ನ ಹಾಳೆಯಲ್ಲಿ ಮಗು ಕಾಣೆಯಾಗುವ ಒಂದು ಸಾಲು ಇತ್ತು. ಅಲ್ಲೇ ಹೊಡೆದು ಹಾಕಿದೆ. ಕೇಳದೇ ಹೋಗಿದ್ದರೆ ಅದನ್ನು ಅವನ ಮುಂದೆಯೇ ಹೇಳಿಬಿಡುತ್ತಿದ್ದೆ. ಮೇಜಿನ ಮೇಲೆ ಎಕ್ಸ್ ಬರೆದ ಒಂದು ಚೀಟಿಯೂ ಇಟ್ಟೆ. ಯಾರಿಗೆ ಬೇಡ ಅನ್ನಿಸಿದರೂ ಮುಟ್ಟಿದರೆ ಸಾಕು, ಕಾರಣ ಕೇಳುವುದಿಲ್ಲ.

ಸಾರಥಿಯ ಪ್ರಶ್ನೆಗಳು ಚೆನ್ನಾಗಿ ನಡೆದವು. ತಂಗಿ ಬಾವಿ ತೋಡುವವರ ಮನೆಯ ಮಗಳಾದಳು. ಮಾವನ ಮಗ ಗದಗಿನ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸುವವನು, ಹಳೇ ಪಂಚಾಂಗಗಳ ರಾಶಿ ಇಟ್ಟುಕೊಂಡವನು. ಗೆಳೆಯರಲ್ಲಿ ಒಬ್ಬ ಲಾರಿ ಡ್ರೈವರ್, ಇನ್ನೊಬ್ಬ ದನದ ಡಾಕ್ಟರ್.

ಆಮೇಲೆ ನಾನು ತಪ್ಪು ಮಾಡಿದೆ. ಒಣಗಿದ ಎತ್ತಿನ ಗೊರಸಿನಲ್ಲಿ ಉಪ್ಪು ಕಟ್ಟಿತ್ತು. ಅದು ಸವಳು ನೀರಿಗೆ ದಾರಿ ತೋರಿಸುವ ಸುಳಿವು. ದನದ ಡಾಕ್ಟರ್ ನೋಡಲು ಹೋದಾಗ ದಾಳ ಉರುಳಿಸು ಅಂದೆ. 5 ಬಂತು. ಏನೂ ಕಾಣಲಿಲ್ಲ ಅಂದುಬಿಟ್ಟೆ. ಉಳಿದ ಎರಡು ಸುಳಿವು ಆ ಊರಿನ ಇನ್ನೊಂದು ತುದಿಯಲ್ಲಿದ್ದವು, ಅಲ್ಲಿಗೆ ಹೋಗಲು ಅವರಿಗೆ ಕಾರಣವೇ ಇರಲಿಲ್ಲ. ನಲವತ್ತು ನಿಮಿಷ ಅವರು ಸುತ್ತಿದಲ್ಲೇ ಸುತ್ತಿದರು. ಚಹಾ ಆರಿ ಹೋಯಿತು. ತಂಗಿ ಫೋನ್ ತೆಗೆದಳು. ಆಗ ನನಗೆ ಆದ ಕಷ್ಟ ಹೇಳಲಾರೆ. ಕೊನೆಗೆ ಕೆರೆ ಕಾಯುವವನ ತಂಬಿಗೆ ತಂದು ಮುಂದೆ ಇಟ್ಟೆ, ಆಟ ಮತ್ತೆ ಓಡಿತು.

ಬೆಟಗೇರಿ_ಮಗ್ಗ:
ಬೇಸರ ಮಾಡಿಕೊಳ್ಳಬೇಡ ತಮ್ಮಾ, ಎಲ್ಲರೂ ಇಲ್ಲಿ ಎಡವಿದ್ದೇವೆ. ಸುಳಿವು ಕೊಡಲು ದಾಳ ಕೇಳಬೇಡ. ದನದ ಡಾಕ್ಟರ್ ಎತ್ತಿನ ಹತ್ತಿರ ಹೋದರೆ ಉಪ್ಪು ಕಾಣಲೇಬೇಕು, ಅದು ಅವನ ಕಸುಬು. ದಾಳ ಹೇಳಬೇಕಾದದ್ದು ಬೇರೆ. ನೋಡುವಾಗ ಏನಾಯಿತು? 5 ಬಂದರೆ ಉಪ್ಪು ಕಂಡಿತು, ಅಷ್ಟರಲ್ಲಿ ಕಾಲ ಕೆಳಗಿನ ನೆಲ ಸದ್ದು ಮಾಡಿತು. ಸೋತರೂ ಕಥೆ ಮುಂದೆ ಹೋಗಬೇಕು.

ದಾಳ_ಡಬ್ಬಿ:
ಇದು ಡಿ ಅಂಡ್ ಡಿಗೂ ಸರಿ. ಸುಳಿವುಗಳನ್ನು ಜಾಗಕ್ಕೆ ಕಟ್ಟಿಹಾಕಬೇಡಿ. ತಂಬಿಗೆ ಮೇಲಿನ ಉಪ್ಪಾದರೂ ಆದೀತು, ಅಜ್ಜಿಯ ಮಾತಾದರೂ ಆದೀತು. ಅವರು ಎಲ್ಲಿಗೆ ಹೋಗುತ್ತಾರೋ ಅಲ್ಲಿ ಇಡಿ.

ಎರೆಹೊಲ:
ಎರಡನೇ ಭಾನುವಾರದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಚೆನ್ನಾಗಿ ಹೋಯಿತು. ಮೆಣಸಿನಕಾಯಿ ಸುಳಿವು ಎಲ್ಲರನ್ನೂ ಹಿಡಿದಿಟ್ಟಿತು. ಗುಂಟೂರು ಕಾಯಿ ಒಲೆಯಲ್ಲಿ ಕಪ್ಪಾಗುವುದನ್ನು ಹೇಳಿ, "ಯಾರೂ ಕೆಮ್ಮಲಿಲ್ಲ" ಅಂದೆ. ಲಾರಿ ಡ್ರೈವರ್ ಕುರ್ಚಿಯಿಂದ ಕಾಲು ಮೇಲೆ ಎಳೆದುಕೊಂಡ. ಹಗೇವಿನ ಕಲ್ಲು ಒಳಗಿನಿಂದ ಅಲುಗಿದಾಗ ಸೆಷನ್ ನಿಲ್ಲಿಸಿದೆ.

ಈಗ ಒಂದು ಇಕ್ಕಟ್ಟು. ಕೊನೆಗೆ ಕಾಲುವೆ ತೂಬು ಅಂತ ನಾನು ಇಟ್ಟುಕೊಂಡಿದ್ದೆ. ಅದು ಅವರಿಗೂ ಗೊತ್ತಾಗಿದೆ. ಆದರೆ ನಿನ್ನೆ ತಂಗಿ ಬೇರೆ ಯೋಚನೆ ಹೇಳಿದಳು. "ಅದಕ್ಕೆ ಮೈ ಇಲ್ಲ, ಬರೀ ಬಾಯಾರಿಕೆ ಇದೆ. ಆ ಬಿರುಕಿನ ಮಣ್ಣನ್ನೇ ಕೆರೆಯ ನೀರಿನಲ್ಲಿ ಕಲಸಿ ಮಣ್ಣೆತ್ತು ಮಾಡಿದರೆ? ಸಿಹಿ ನೀರು ಅದರ ಮೈಯಲ್ಲೇ ಇರುತ್ತದೆ. ಅದು ಬಂದು ಒಳಗೆ ಸೇರಿಕೊಳ್ಳುತ್ತದೆ. ಹಬ್ಬ ಮುಗಿದ ಮೇಲೆ ನೀರಿಗೆ ಬಿಡೋಣ." ನಮ್ಮ ಮನೆಯಲ್ಲಿ ಹಬ್ಬದ ಮಣ್ಣೆತ್ತುಗಳನ್ನು ಕೊನೆಗೆ ನೀರಿಗೇ ಬಿಡುವುದು. ನಾನು ಇದನ್ನು ಬರೆದೇ ಇರಲಿಲ್ಲ. ಒಪ್ಪಿಕೊಳ್ಳಲಾ?

ದಾಳ_ಡಬ್ಬಿ:
ನನಗೆ ಇದು ಸರಿ ಕಾಣುವುದಿಲ್ಲ. ಒಗಟು ಇಟ್ಟ ಮೇಲೆ ಉತ್ತರ ಒಂದೇ ಇರಬೇಕು. ಆಟಗಾರರು ಹೇಳಿದ್ದೆಲ್ಲ ಉತ್ತರ ಆಗುವುದಾದರೆ ಅವರು ಹುಡುಕಿದ್ದು ಏನು? ಎರಡು ವಾರ ಕಷ್ಟಪಟ್ಟು ತೂಬಿನ ತನಕ ಬಂದವರಿಗೆ ಅನ್ಯಾಯ.

ಉಣಕಲ್_ದಂಡೆ:
ಅವರು ಹುಡುಕಿದ್ದು ತೂಬನ್ನಲ್ಲ ಅಣ್ಣಾ, ಆ ಬಾಯಾರಿಕೆಯನ್ನು. ಅದನ್ನು ಹುಡುಗಿ ಸರಿಯಾಗಿಯೇ ಹಿಡಿದಿದ್ದಾಳೆ. ಮೃಗ ಏನು, ಅದಕ್ಕೆ ಏನು ಬೇಕು, ಇದು ಬದಲಾಗಬಾರದು. ಬದಲಾದರೆ ನಿಮ್ಮ ಮಾತು ನ್ಯಾಯ. ಆದರೆ ಸಿಹಿ ನೀರಿನ ಆಸೆ ಇರುವುದನ್ನು ಸಿಹಿ ನೀರಿನಿಂದಲೇ ಕರೆಯುವುದು ಉತ್ತರದ ಒಳಗೇ ಇದೆ.

ಗೊಟಗೋಡಿ_ಹಾದಿ:
ಒಪ್ಪಿಕೊಳ್ಳಿ. ಆದರೆ ಸುಮ್ನೆ ಬಿಡಬೇಡಿ. ತೂಬು ಎತ್ತಿದರೆ ಏನು ನಷ್ಟ? ಕಾಲುವೆ ಕೆಳಗಿನ ಊರುಗಳಿಗೆ ನೀರಿಲ್ಲ. ಮಣ್ಣೆತ್ತು ಮಾಡಿದರೆ ಏನು ನಷ್ಟ? ಅದನ್ನೂ ಹೇಳಿ, ಎರಡೂ ದಾರಿ ಮುಂದೆ ಇಡಿ. ಅವರೇ ಆರಿಸಲಿ.

ದಾಳ_ಡಬ್ಬಿ:
ನಷ್ಟ ಇದ್ದರೆ ನನ್ನ ತಕರಾರು ಇಲ್ಲ.

ಎರೆಹೊಲ:
ಮೂರನೇ ಭಾನುವಾರ. ಊರಿಗೆ ಹೋದಾಗ ಹೊಲದಿಂದ ಒಂದು ಎರೆಮಣ್ಣಿನ ಹೆಂಟೆ ತಂದಿದ್ದೆ. ಕಲ್ಲಿನ ಹಾಗೆ ಗಟ್ಟಿ. ಅದು ಬಿದ್ದಿದ್ದ ಬಿರುಕಿಗೆ ಕೈ ಹಾಕಿದ್ದೆ, ಮೊಣಕೈವರೆಗೆ ಇಳಿಯಿತು, ಒಳಗೆ ತಂಪಾಗಿತ್ತು. ಆಟದಲ್ಲಿ ಅವರು ಬಿರುಕಿನ ಬಾಯಿಗೆ ಬಂದಾಗ ಆ ಹೆಂಟೆಯನ್ನು ತಟ್ಟೆಯಲ್ಲಿ ಇಟ್ಟು ತಂಗಿಯ ಮುಂದೆ ಸರಿಸಿದೆ. ಪಕ್ಕದಲ್ಲಿ ಒಂದು ತಂಬಿಗೆ ನೀರು.

ಅವಳು ಒಂದು ಚಮಚ ನೀರು ಹಾಕಿದಳು. ಎಲ್ಲರೂ ಬಗ್ಗಿ ನೋಡಿದೆವು. ನೀರು ಮೇಲೆ ನಿಲ್ಲಲಿಲ್ಲ, ಹಾಗೇ ಇಳಿಯಿತು. ಸಣ್ಣ ಗುಳ್ಳೆ ಬಂದವು. ಹೆಂಟೆಯ ಒಂದು ಮೂಲೆ ತಾನಾಗಿ ಜರಿದು ಬಿತ್ತು. ಇನ್ನೊಂದು ಚಮಚ, ಅದೂ ಇಲ್ಲ. "ಇದು ಕುಡಿಯುತ್ತಿದೆ" ಅಂದ ಲಾರಿ ಡ್ರೈವರ್. ಯಾರೂ ಮಾತಾಡಲಿಲ್ಲ. ಇಷ್ಟು ದಿನ ನಾನು ಹೆದರಿದ್ದ ಮೌನ ಇದೇ. ಆದರೆ ಆ ಹೊತ್ತಿಗೆ ಅದನ್ನು ಒಡೆಯಲು ನನಗೇ ಮನಸ್ಸಾಗಲಿಲ್ಲ.

ತೂಬಿನ ದಾರಿಯನ್ನೂ ಮುಂದೆ ಇಟ್ಟೆ. ಕೆಳಗಿನ ಎರಡು ಊರಿಗೆ ಒಂದು ತಿಂಗಳು ನೀರಿಲ್ಲ ಅಂದೆ. ಮಾವನ ಮಗ ಬೇಡವೇ ಬೇಡ ಅಂದ. ಮಣ್ಣೆತ್ತು ಅಂತ ತೀರ್ಮಾನ ಆಯಿತು. ತಂಗಿ ನಿಜವಾಗಿಯೂ ಮಣ್ಣು ನಾದಿ ಎತ್ತು ಮಾಡುತ್ತಾ ಕುಳಿತಳು, ಬೆರಳೆಲ್ಲ ಕಪ್ಪು. ಉಳಿದ ಮೂವರು ಬಾಯಾರಿದ್ದನ್ನು ಹಗೇವಿನಿಂದ ಹೊಲದ ಕಡೆ ತಿರುಗಿಸಲು ಓಡಾಡಿದರು. ಡ್ರೈವರ್‌ಗೆ ನಾಲ್ಕು ಹಾನಿ ಆಯಿತು. ಆಟದ ಪ್ರಕಾರ ಏಳಾದರೆ ಪ್ರಾಣವೇ ಹೋಗುತ್ತದೆ, ನಾಲ್ಕಾದರೆ ಪಟ್ಟಿ ಕಟ್ಟುವ ತನಕ ಗಾಯ ಕೆಡುತ್ತಾ ಹೋಗುತ್ತದೆ. ದನದ ಡಾಕ್ಟರ್ ಅವನ ಕಾಲಿಗೆ ಪಟ್ಟಿ ಕಟ್ಟಿದ.

ಎತ್ತಿನ ಕಣ್ಣಿಗೆ ಎರಡು ಜೋಳದ ಕಾಳು ಒತ್ತಿ ತಂಗಿ ದಾಳ ತೆಗೆದುಕೊಂಡಳು. 4 ಮತ್ತು 3. ಅವಳ ಅಂಕ 1. ಒಟ್ಟು 8. ಆಯಿತು, ಆದರೆ.

"ಅದು ಒಳಗೆ ಬಂತು" ಅಂದೆ. "ಆದರೆ ಒಬ್ಬರ ನಾಲಿಗೆಯಿಂದ ಸಿಹಿ ನೀರಿನ ರುಚಿ ತೆಗೆದುಕೊಂಡು ಬರುತ್ತದೆ. ಇನ್ನು ಅವರು ಎಲ್ಲಿ ಏನು ಕುಡಿದರೂ ಸವಳು. ಯಾರದು?" ತಂಗಿ ನನ್ನದು ಅನ್ನುವುದರೊಳಗೆ ಮಾವನ ಮಗ ಕೈ ಎತ್ತಿದ. "ನಾನು ಕೊಡುತ್ತೇನೆ. ಅವತ್ತು ಆ ದಾರಿಹೋಕನಿಗೆ ನೀರು ಇಲ್ಲ ಅಂದದ್ದು ನಮ್ಮಜ್ಜ." ಇದು ನನ್ನ ಹಾಳೆಯಲ್ಲಿ ಇರಲಿಲ್ಲ. ಮೊದಲ ದಿನ "ಈ ಊರಿಗೆ ಹಿಂದೆ ಯಾಕೆ ಬಂದಿದ್ದಿರಿ" ಅಂತ ಕೇಳಿದಾಗ ಅವನು "ಅಜ್ಜನ ಮನೆ" ಅಂತಷ್ಟೇ ಹೇಳಿದ್ದ. ಮೂರು ವಾರ ಅದನ್ನು ತನ್ನೊಳಗೇ ಇಟ್ಟುಕೊಂಡಿದ್ದ. ನನ್ನ ಕಣ್ಣು ತುಂಬಿ ಬಂತು.

ಕಡ್ಡಿ_ಡಬ್ಬಿ:
ಓದುತ್ತಾ ನನಗೂ ಗಂಟಲು ಕಟ್ಟಿತು. ಆ ಮಣ್ಣೆತ್ತು ಏನಾಯಿತು?

ಎರೆಹೊಲ:
ಆಟದಲ್ಲಿ ಕೆರೆಗೆ ಬಿಟ್ಟರು. ನಿಜವಾದದ್ದು ನನ್ನ ಮೇಜಿನ ಮೇಲೆ ಒಣಗುತ್ತಿದೆ. ಇವತ್ತು ಬೆಳಿಗ್ಗೆ ಬೆನ್ನ ಮೇಲೆ ಕೂದಲೆಳೆಯಷ್ಟು ಬಿರುಕು ಬಿದ್ದಿತ್ತು. ತಂಗಿ ಅದರ ಫೋಟೋ ನಮ್ಮ ಗುಂಪಿಗೆ ಹಾಕಿ "ನೀರು ಕೊಡು ಅಣ್ಣಾ" ಅಂತ ಬರೆದಿದ್ದಾಳೆ.

ಶ್ರಾವಣದಲ್ಲಿ ಅವಳೇ ಸಾರಥಿ ಆಗುತ್ತಾಳಂತೆ. ಗದಗ ಹತ್ತಿರದ ಲಕ್ಕುಂಡಿಯಲ್ಲಿ ಮುಸುಕಿನ ಬಾವಿ ಅಂತ ಹಳೇ ಮೆಟ್ಟಿಲು ಬಾವಿ ಇದೆ, ಅಲ್ಲಿ ಕಥೆ ಇಡಬೇಕು ಅಂತ ಆಸೆ. ಮುಂದಿನ ವಾರ ಮಾವನ ಮಗನ ಜೊತೆ ನೋಡಿ ಬರಲು ಹೊರಟಿದ್ದಾಳೆ. ಅವಳಿಗೆ ಏನಾದರೂ ಹೇಳುವುದಿದ್ದರೆ ಇಲ್ಲೇ ಬರೆಯಿರಿ, ಓದುತ್ತಿದ್ದಾಳೆ.

ಬೆಟಗೇರಿ_ಮಗ್ಗ:
ತಂಗೀ, ಬಿಸಿಲೇರುವ ಮೊದಲು ಹೋಗು. ಮೆಟ್ಟಿಲು ಇಳಿಯುವಾಗ ಎರಡೂ ಬದಿಯ ಗೂಡುಗಳನ್ನು ಒಂದೊಂದಾಗಿ ನೋಡುತ್ತಾ ಇಳಿ. ಅವುಗಳಲ್ಲಿ ಒಂದು ಯಾಕೆ ಖಾಲಿ ಇದೆ ಅಂತ ಯೋಚನೆ ಮಾಡುತ್ತಾ ಮೇಲೆ ಬಾ. ಬಂದ ಮೇಲೆ ಅದಕ್ಕೆ ಏನು ಬೇಕು ಅಂತ ಇಲ್ಲಿ ಬರೆ.